ಒಹಾಯೊದಲ್ಲಿ ಒಂದು ಮೊಳ ಹೂವು

"ಅಮ್ಮಾ, ಒಂದು ಮೊಳ ಅಂದ್ರೆ ಎಷ್ಟು ಇಂಚು?"

ಮಗ ಊಟದ ಟೇಬಲ್ಲಿನ ಆ ಕಡೆ ಅಂಗಡಿಯವನಾಗಿ ನಿಂತಿದ್ದ. ಈ ಕಡೆ ನಾನು ಗಿರಾಕಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಎರಡೇ ದಿನ. ನಾವು ಕೊಲಂಬಸ್‌ಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಹೂವಿನಂಗಡಿಯಲ್ಲಿ ಏನು ಹೇಳಬೇಕು ಅಂತ ಅವನ ಹತ್ತಿರ ಅಭ್ಯಾಸ ಮಾಡುತ್ತಿದ್ದೆ. ಏಳು ವರ್ಷದವನು, ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತದೆ. "ಐ ವಾಂಟ್ ಫ್ಲವರ್ಸ್" ಅಂದರೆ ತಲೆ ಅಲ್ಲಾಡಿಸುತ್ತಾನೆ. "ಕುಡ್ ಐ ಹ್ಯಾವ್ ಅನ್ನು. ಇಲ್ಲಾಂದ್ರೆ ಜಗಳಕ್ಕೆ ಬಂದ ಹಾಗಿರುತ್ತೆ." ಸೇವಂತಿಗೆಗೆ ಕ್ರಿಸಾಂತಮಮ್ ಅಂತ ನಾಲಿಗೆ ತಿರುಚಬೇಕಿಲ್ಲ, ಇಲ್ಲಿ ಮಮ್ಸ್ ಅಂದರೆ ಸಾಕಂತೆ. ಒಂದೊಂದೇ ಬೇಕಾದರೆ ಸ್ಟೆಮ್, ಕಟ್ಟಾದರೆ ಬಂಚ್. ಮೊಳಕ್ಕೆ ಏನನ್ನಬೇಕು ಅಂತ ಕೇಳಿದ್ದಕ್ಕೆ ಸ್ಕೇಲ್ ತಂದ.

"ಸ್ಕೇಲ್ ಬೇಡ ಪುಟ್ಟ. ಮೊಣಕೈಯಿಂದ ಬೆರಳ ತುದಿವರೆಗೆ."

"ಯಾರ ಕೈ?"

ಹೌದಲ್ವಾ! ಮೈಸೂರಿನ ನಮ್ಮ ಮನೆ ಬಾಗಿಲಲ್ಲಿ ದಿನಾ ಸಂಜೆ ಇದೇ ಜಗಳ. ಹೂವಮ್ಮನ ಕೈ ಗಿಡ್ಡ, ಅಮ್ಮನದು ಉದ್ದ. "ನನ್ನ ಕೈಲಿ ಅಳೆದು ಕೊಡಮ್ಮ" ಅಂತ ಅಮ್ಮ ತೋಳು ಚಾಚುತ್ತಿದ್ದಳು. "ನಿಮ್ ಕೈಲಿ ಅಳೆದ್ರೆ ನಾನು ಮನೆ ಮಾರ್ಕೋಬೇಕು ಕಣವ್ವ" ಅಂತ ಹೂವಮ್ಮ ತನ್ನ ಕೈಯಲ್ಲೇ ಅಳೆದು, ಆಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ದಾರ ಕತ್ತರಿಸುತ್ತಿದ್ದಳು. ಜಗಳವೆಲ್ಲ ಆ ಕೊಸರಿಗೇ ಅಂತ ಇಬ್ಬರಿಗೂ ಗೊತ್ತಿತ್ತು.

ಗುರುವಾರ ಸಂಜೆ ಅಂಗಡಿಗೆ ಹೋದೆ. ಕುಡ್ ಐ ಹ್ಯಾವ್ ಸರಿಯಾಗೇ ಬಂತು. ಅಂಗಡಿಯಾಕೆ ಉದ್ದ ಕಾಂಡದ ಹಳದಿ ಸೇವಂತಿಗೆಯನ್ನು ಕಾಗದದಲ್ಲಿ ಸುತ್ತುತ್ತಾ "ಹೂ ಆರ್ ದೀಸ್ ಫಾರ್?" ಅಂದಳು. ನನಗೆ ಹೂ ಅಂತಷ್ಟೇ ಕೇಳಿಸಿತು. ಒಂದು ಕ್ಷಣ ಕನ್ನಡವೇ ಆಡಿದಳೇನೋ ಅನ್ನಿಸಿತು. ಅರ್ಥವಾದ ಮೇಲೂ ಉತ್ತರ ಹೊಳೆಯಲಿಲ್ಲ. ಇದನ್ನು ಅಭ್ಯಾಸ ಮಾಡಿರಲಿಲ್ಲ. ಹೂವು ಯಾರಿಗೆ ಅಂತ ನಮ್ಮಲ್ಲಿ ಯಾರು ಕೇಳುತ್ತಾರೆ? "ಲಕ್ಷ್ಮಿ" ಅಂದೆ. "ಸ್ಪೆಷಲ್ ಡೇ?" ಅಂದಳು. ಎಸ್ ಎಸ್ ಅಂದೆ. ಹೊಳೆಯುವ ಹ್ಯಾಪಿ ಬರ್ತ್‌ಡೇ ಕಡ್ಡಿಯೊಂದನ್ನು ಕಟ್ಟಿನ ನಡುವೆ ಸಿಕ್ಕಿಸಿ, ಇದಕ್ಕೆ ದುಡ್ಡು ಬೇಡ ಅಂದಳು. ಕೊಸರು! ತಿದ್ದುವಷ್ಟು ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಥ್ಯಾಂಕ್ಯೂ ಅಂದು ಬಂದೆ.

ಶುಕ್ರವಾರ, ಆಗಸ್ಟ್ 8. ನಾಲ್ಕೂವರೆಗೆ ಎದ್ದೆ. ಸ್ಮೋಕ್ ಅಲಾರ್ಮಿಗೆ ಶವರ್ ಕ್ಯಾಪ್ ತೊಡಿಸಿದ್ದಾಯಿತು. ಒಬ್ಬಟ್ಟು ಮೊದಲ ಮೂರು ಹರಿದವು, ಆಮೇಲೆ ಮಾತು ಕೇಳಿದವು. ಕಲಶಕ್ಕೆ ಸೀರೆ ಉಡಿಸುವಾಗ ಯಜಮಾನರು ನೆರಿಗೆ ಹಿಡಿದರು. ಎಲ್ಲಾ ಚಕಚಕ ನಡೆಯುತ್ತಿತ್ತು. ಹೂ ಕಟ್ಟಲು ಕೂತೆ ನೋಡಿ, ಅಲ್ಲಿಗೆ ನಿಂತಿತು.

ಕಾಂಡ ಕತ್ತರಿಸಿದರೆ ಸೇವಂತಿಗೆ ಬರೀ ತಲೆ. ಭಾರ. ಹೊಲಿಗೆ ದಾರದಲ್ಲಿ ಜಾರುತ್ತದೆ. ಅಮ್ಮ ನೆನೆಸಿದ ಬಾಳೆನಾರನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕಟ್ಟುತ್ತಿದ್ದಳು. ಈ ಕಡೆ ಎರಡು ಮಲ್ಲಿಗೆ, ಆ ಕಡೆ ಎರಡು, ಒಂದು ಸುತ್ತು, ಒಂದು ಗಂಟು. ನಾಲ್ಕು ಗಂಟಿಗೊಮ್ಮೆ ಕನಕಾಂಬರ. ಕನಕಾಂಬರಕ್ಕೆ ವಾಸನೆಯೂ ಇಲ್ಲ, ತೂಕವೂ ಇಲ್ಲ. ಆದರೂ ಅದಿಲ್ಲದೆ ದಂಡೆ ಬಿಳಿಚಿಕೊಂಡಂತೆ ಕಾಣುತ್ತದೆ. ಇಲ್ಲಿ ನಾಲ್ಕು ಅಂಗಡಿಯಲ್ಲಿ ಫೋನಿನ ಚಿತ್ರ ತೋರಿಸಿ ಕೇಳಿದೆ. ಯಾರೂ ಕಂಡಿಲ್ಲ.

ಇಷ್ಟು ಹುಡುಕುವ ನಾನೇ ಪಿಯುಸಿಯಲ್ಲಿ ಏನು ಮಾಡುತ್ತಿದ್ದೆ? ಅಮ್ಮ ಬೆಳಿಗ್ಗೆ ಎದ್ದು ಕಟ್ಟಿ ಮುಡಿಸಿದ ಹೂವನ್ನು ಬಸ್‌ಸ್ಟಾಪಿನಲ್ಲಿ ತೆಗೆದು ಬ್ಯಾಗಿನ ಮುಂದಿನ ಜೇಬಿಗೆ ತುರುಕುತ್ತಿದ್ದೆ. ಗೆಳತಿಯರು ನಗುತ್ತಾರೆ ಅಂತ. ಸಂಜೆ ಮನೆ ತಿರುವಿನಲ್ಲಿ ಮತ್ತೆ ಮುಡಿದುಕೊಳ್ಳುತ್ತಿದ್ದೆ. ಒಂದು ದಿನ ಮರೆತೆ. ಅಮ್ಮ ಟಿಫಿನ್ ಡಬ್ಬಿ ತೆಗೆಯಲು ಹೋಗಿ ಆ ಬಾಡಿದ ದಂಡೆ ಎತ್ತಿಕೊಂಡಳು. ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರನೇ ದಿನದಿಂದ ಹೂವು ಒದ್ದೆ ಬಟ್ಟೆಯಲ್ಲಿ ಫ್ರಿಜ್ಜಿನ ಮೇಲೆ ಇರುತ್ತಿತ್ತು. "ಬೇಕಾದ್ರೆ ಮುಡ್ಕೋ" ಅನ್ನುತ್ತಿದ್ದಳು.

"ಲಕ್ಷ್ಮಿಗೆ ಇವತ್ತಿಗೆ ಎಷ್ಟು ವರ್ಷ ಅಮ್ಮಾ?" ಮಗ ಆ ಹ್ಯಾಪಿ ಬರ್ತ್‌ಡೇ ಕಡ್ಡಿಯನ್ನು ಬಾಳೆಕಂದಿನ ಪಕ್ಕ ನೆಟ್ಟಿದ್ದ. ತೆಗೆಯಲು ಮನಸ್ಸಾಗಲಿಲ್ಲ. ಅಂಗಡಿಯಾಕೆ ಪ್ರೀತಿಯಿಂದಲೇ ಕೊಟ್ಟಿದ್ದು.

ನಮಗೆ ಎಂಟು ಗಂಟೆ, ಮೈಸೂರಿಗೆ ಸಂಜೆ ಐದೂವರೆ. ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಕಲಶ ತೋರಿಸಿದೆ. ಕಡ್ಡಿ ನೋಡಿ ನಕ್ಕಳು. "ಮುಡ್ಕೊಂಡ್ಯಾ?" ಅಂದಳು. ತಿರುಗಿ ತೋರಿಸಿದೆ. ಪಿನ್ನಿನಲ್ಲಿ ನೇತಾಡುತ್ತಿದ್ದ ಒಂದೇ ಒಂದು ಸೇವಂತಿಗೆ. "ಒಂದು ಎಳೆ ಕನಕಾಂಬರ ಇದ್ದಿದ್ರೆ..." ಅಂದಳು.

ನೀನು? ಅಂತ ಬಾಯಿ ತುದಿಗೆ ಬಂತು. ಅಪ್ಪ ಹೋಗಿ ಎರಡು ವರ್ಷ. ಅಷ್ಟು ದಿನವೂ ನಾನು ಅದನ್ನು ಕೇಳಿಲ್ಲ.

ಅಷ್ಟರಲ್ಲಿ ಫೋನಿನ ಆ ಕಡೆ, ಬೀದಿಯಿಂದ "ಹೂವಾ... ಹೂವೂ..." ಅಂತ ಕೂಗು ಕೇಳಿಸಿತು. ಅದೇ ದನಿ. ಅಮ್ಮ ಬಾಗಿಲ ಕಡೆ ತಿರುಗಲಿಲ್ಲ.

"ಎಲ್ಲಿ, ಕಲಶ ಇನ್ನೊಂದ್ಸಲ ತೋರಿಸು" ಅಂದಳು.