ಗಣಿಗೆ ಇಳಿಯದ ಹುಡುಗ

ಹನ್ನೆರಡನೇ ವಯಸ್ಸಿನಲ್ಲಿ ಅವನಿಗೆ ಕ್ಷಯ ಬಂತು. ಸುಮಾರು ಎರಡು ವರ್ಷ ಹಾಸಿಗೆಯೇ ಗತಿ. ಅಪ್ಪ ಕಲ್ಲಿದ್ದಲು ಗಣಿಯ ಕೆಲಸಗಾರ, ಮಗನೂ ಅಲ್ಲಿಗೇ ಹೋಗಬೇಕಿತ್ತು. ಇಂಥ ಶ್ವಾಸಕೋಶ ಇಟ್ಟುಕೊಂಡು ಗಣಿಗೆ ಇಳಿಯುವ ಹಾಗಿಲ್ಲ ಎಂದರು ಡಾಕ್ಟರು. ಅದೇ ಶ್ವಾಸಕೋಶದಿಂದ ಎಂಥ ದನಿ ಹೊರಟಿತು ಅನ್ನುವುದನ್ನು ವೇಲ್ಸ್‌ನ ಗಾಯಕ ಟಾಮ್ ಜೋನ್ಸ್ ಹಾಡು ಕೇಳಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಹೋದ ವರ್ಷ ಮಗಳನ್ನು ನೋಡಲು ವೇಲ್ಸ್‌ಗೆ ಹೋಗಿದ್ದೆ. ಅವಳು ಓದುತ್ತಿರುವುದು ಪಾಂಟಿಪ್ರಿಡ್‌ಗೆ ಅಂಟಿಕೊಂಡಿರುವ ಟ್ರೆಫಾರೆಸ್ಟ್‌ನಲ್ಲಿ. ಜೋನ್ಸ್ 1940ರಲ್ಲಿ ಹುಟ್ಟಿದ್ದೂ ಅಲ್ಲೇ, ಥಾಮಸ್ ಜಾನ್ ವುಡ್‌ವರ್ಡ್ ಎಂಬ ಹೆಸರಿನಲ್ಲಿ. ಮಗಳಿಗೆ ಕ್ಲಾಸಿತ್ತು. ನಾನೊಬ್ಬನೇ ಅವನು ಬೆಳೆದ ಲಾರಾ ಸ್ಟ್ರೀಟ್ ಹುಡುಕಿಕೊಂಡು ಹೊರಟೆ.

ಒಂದೇ ಗೋಡೆ ಹಂಚಿಕೊಂಡ ಸಾಲು ಮನೆಗಳು. ಹೊಸಬರಿಗೆ ನೋಡಲು ಅಲ್ಲೇನೂ ಇಲ್ಲ. ಸುಮ್ನೆ ಅತ್ತಿತ್ತ ನೋಡುತ್ತಿದ್ದವನನ್ನು ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ನಿಲ್ಲಿಸಿದರು. "ಟಾಮ್‌ಗಾಗಿ ಬಂದಿರಾ? ಫೋನ್ ಬೂತ್ ಹುಡುಕಬೇಡಿ, ಅವನೇ ಹೊತ್ಕೊಂಡು ಹೋದ" ಎಂದು ನಕ್ಕರು. ನಿಜ ಸಂಗತಿಯೇ. ಹುಡುಗನಾಗಿದ್ದಾಗ ಬಳಸುತ್ತಿದ್ದ ಬೀದಿಯ ಕೆಂಪು ಫೋನ್ ಬೂತನ್ನು ಕೊಂಡು, ಲಾಸ್ ಏಂಜಲೀಸ್‌ನ ಮನೆಯಲ್ಲಿ ಇಟ್ಟುಕೊಂಡಿದ್ದನಂತೆ. ಪರದೇಶಕ್ಕೆ ಹೋಗುವವರು ಉಪ್ಪಿನಕಾಯಿ ಒಯ್ಯುವುದು ಗೊತ್ತು, ಇದು ಸ್ವಲ್ಪ ಜಾಸ್ತಿಯೇ ಆಯ್ತು ಅಲ್ವಾ!

ಹದಿನಾರಕ್ಕೇ ಲಿಂಡಾ ಜೊತೆ ಮದುವೆ, ಅದೇ ವರ್ಷ ಮಗ. ಕೈಗವಸು ಕಾರ್ಖಾನೆ, ಕಟ್ಟಡ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ಹಾಡು. ಆಮೇಲೆ ಮ್ಯಾನೇಜರ್ ಆಗಿ ಸಿಕ್ಕವನು ಗಾರ್ಡನ್ ಮಿಲ್ಸ್. ಬೆಳೆದದ್ದು ಪಕ್ಕದ ರೊಂಡಾ ಕಣಿವೆಯಲ್ಲಾದರೂ ಅವನು ಹುಟ್ಟಿದ್ದು ನಮ್ಮ ಮದ್ರಾಸಿನಲ್ಲಿ! 'ಇಟ್ಸ್ ನಾಟ್ ಅನ್‌ಯೂಶುವಲ್' ಹಾಡನ್ನು ಲೆಸ್ ರೀಡ್ ಜೊತೆ ಸೇರಿ ಬರೆದವನೂ ಅವನೇ. 1965ರ ಮಾರ್ಚ್‌ನಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಮುಂದಿನ ಲಾಸ್ ವೇಗಸ್, ಟಿವಿ ಶೋ, 2006ರ 'ಸರ್' ಪದವಿ ಎಲ್ಲರಿಗೂ ಗೊತ್ತಿರುವಂಥದ್ದೇ. ನನಗೆ ಹೆಚ್ಚು ಹಿಡಿಸಿದ್ದು 2021ರ ಸುದ್ದಿ. ಎಂಬತ್ತು ವಯಸ್ಸಿನಲ್ಲಿ ಹೊಸ ಆಲ್ಬಮ್ ತಂದು ಮತ್ತೆ ಮೊದಲ ಸ್ಥಾನಕ್ಕೆ ಏರಿದ.

ಊಟಕ್ಕೆ ಸಿಕ್ಕ ಮಗಳಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವಳಿಗೆ ಜೋನ್ಸ್ ಅಂದರೆ 'ದ ವಾಯ್ಸ್' ಎಂಬ ಟಿವಿ ಹಾಡಿನ ಸ್ಪರ್ಧೆಯ ಬಿಳಿ ಕೂದಲಿನ ತಾತ, ಅಷ್ಟೇ. ಆದರೆ ಜೋನ್ಸ್ ಹಾಡಿದ 'ಡಿಲೈಲಾ' ವಿಷಯ ಬಂದಾಗ ಮುಖ ಗಂಟಿಕ್ಕಿದಳು. ಮೋಸ ಮಾಡಿದ ಹೆಣ್ಣನ್ನು ಗಂಡಸು ಚಾಕುವಿನಿಂದ ಕೊಲ್ಲುವ ಹಾಡದು. ರಗ್ಬಿ ಪಂದ್ಯಗಳಲ್ಲಿ ಸ್ಟೇಡಿಯಂ ತುಂಬ ಮೊಳಗುತ್ತಿತ್ತು. 2023ರಲ್ಲಿ ವೇಲ್ಸ್ ರಗ್ಬಿ ಮಂಡಳಿ, ರಾಜಧಾನಿ ಕಾರ್ಡಿಫ್‌ನ ಸ್ಟೇಡಿಯಂನಲ್ಲಿ ಗಾಯಕ ತಂಡಗಳು ಅದನ್ನು ಹಾಡಕೂಡದು ಎಂದಿತು.

"ಸರಿಯಾಗೇ ಮಾಡಿದ್ರು" ಎಂದಳು ಮಗಳು.

"ಹಾಡು ಕೊಲೆಗಾರನ ಕಥೆ ಹೇಳುತ್ತೆ, ಕೊಲೆ ಮಾಡು ಅನ್ನಲ್ಲವಲ್ಲ?" ಎಂದೆ.

"ಅಪ್ಪಾ, ಸಾವಿರಾರು ಜನ ಖುಷಿಯಿಂದ ಕೂಗ್ತಾರಲ್ಲ, ಆ ಹೆಂಗಸಿಗಾಗಿ ಅಳ್ತಿರ್ತಾರಾ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಜೋನ್ಸ್ ಮಾತ್ರ ಅದೇ ವರ್ಷ ಕಾರ್ಡಿಫ್ ಕೋಟೆಯಲ್ಲಿ ಆ ಹಾಡನ್ನು ಹಾಡಿದ, ಜನರೂ ದನಿಗೂಡಿಸಿದರು. ಅದನ್ನೂ ಹೇಳಿದೆ. ಮಗಳು ಚಿಪ್ಸ್ ತಟ್ಟೆಯನ್ನು ನನ್ನತ್ತ ತಳ್ಳಿ, "ನೀನೂ ಹಾಡ್ತಿದ್ದೆ ಬಿಡು" ಎಂದಳು.