ಮಾವನಿಗೆ ಮೂಗಿನಿಂದ ಆಪರೇಷನ್

ನಮ್ಮ ಸೋದರಮಾವನದು ದಾವಣಗೆರೆಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ. ಎದುರಿಗೆ ನಿಂತವರಿಗೆ ಪೊಟ್ಟಣ ಸರಿಯಾಗಿ ಕೊಡುತ್ತಿದ್ದರು. ಪಕ್ಕದಲ್ಲಿ ನಿಂತು ದುಡ್ಡು ಚಾಚಿದವರು ಮಾತ್ರ ಕಾಣುತ್ತಲೇ ಇರಲಿಲ್ಲ. ಕನ್ನಡಕ ಬದಲಿಸಿದರೂ ಅಷ್ಟೇ. ಕೊನೆಗೆ ಕಣ್ಣಿನ ಡಾಕ್ಟರು ಫೀಲ್ಡ್ ಟೆಸ್ಟ್, ಅಂದರೆ ನೋಟ ಸುತ್ತಲೂ ಎಲ್ಲಿಯವರೆಗೆ ಇದೆ ಅಂತ ನೋಡುವ ಪರೀಕ್ಷೆ, ಮಾಡಿಸಿದರು. ಎರಡೂ ಕಣ್ಣಿನ ಚಿತ್ರದಲ್ಲಿ ಹೊರಗಿನ ಅರ್ಧ ಕಪ್ಪು! ಎಂಆರ್‌ಐ ಮಾಡಿಸಿದಾಗ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಸಿಕ್ಕಿತು.

ಆ ಗ್ರಂಥಿ ಇರುವುದು ತಲೆಬುರುಡೆಯ ತಳದಲ್ಲಿ. ಅದರ ಮೇಲೆಯೇ ಎರಡು ಕಣ್ಣಿನ ನರಗಳು ಸೇರಿ, ಒಂದಷ್ಟು ಎಳೆಗಳು ಅತ್ತಿಂದಿತ್ತ ದಾಟುತ್ತವೆ. ಪಕ್ಕದ ನೋಟ ಹೊರುವುದು ಈ ದಾಟುವ ಎಳೆಗಳೇ. ಕೆಳಗಿಂದ ಗಡ್ಡೆ ಒತ್ತಿದರೆ ಏಟು ಅವಕ್ಕೇ.

"ತಲೆ ಒಡೀತಾರೇನಪ್ಪಾ?" ಅಂತ ಅತ್ತೆ ಕೇಳಿದ್ದರು. ಇಲ್ಲ. ಬೆಂಗಳೂರಲ್ಲಿ ಮೂಗಿನ ಹೊಳ್ಳೆಯಿಂದ ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಹಾಕಿ, ಮೂಗಿನ ಹಿಂದಿನ ಸೈನಸ್ ಅನ್ನೋ ಗಾಳಿಗೂಡು ದಾಟಿ, ತೆಳು ಮೂಳೆ ಕೊರೆದು, ಗಡ್ಡೆಯನ್ನು ಚೂರುಚೂರಾಗಿ ಕೆರೆದು ತೆಗೆದರು. ತೂತು ಮುಚ್ಚಲು ತೊಡೆಯ ಕೊಬ್ಬು, ನೋಡಿ! ಎಲ್ಲರಿಗೂ ಈ ದಾರಿ ಆಗಲ್ಲ. ಗಡ್ಡೆ ತೀರಾ ಪಕ್ಕಕ್ಕೆ ಹರಡಿದ್ದರೆ ತಲೆ ತೆರೆಯಬೇಕಾಗಬಹುದು.

ಆಮೇಲಿನ ಪಥ್ಯವೇ ಜಾಸ್ತಿ. ಮೂಗಿಂದ ಜೋರಾಗಿ ಗಾಳಿ ಬಿಡುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ತಿಳಿನೀರು ತೊಟ್ಟಿಕ್ಕಿದರೆ ಅದು ಮಿದುಳಿನ ಸುತ್ತಲಿನ ನೀರಿರಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು. ಮೂತ್ರ ಅಳೆದು ಬರೆದಿಡುವ ಕೆಲಸ ನನಗೆ ಬಿತ್ತು. ಆ ಗ್ರಂಥಿಯಿಂದ ಬರುವ, ದೇಹದ ನೀರು ಹಿಡಿದಿಡುವ ಹಾರ್ಮೋನು ಕಮ್ಮಿಯಾದರೆ ಲೀಟರುಗಟ್ಟಲೆ ಹೋಗುತ್ತದೆ.

ಈಗ ಎಡಗಣ್ಣು ಸುಮಾರಾಗಿ ಸುಧಾರಿಸಿದೆ, ಬಲಗಣ್ಣು ಅಷ್ಟಿಲ್ಲ. ನರ ಎಷ್ಟು ಕಾಲ ಒತ್ತಡದಲ್ಲಿತ್ತು ಅನ್ನೋದೂ ಲೆಕ್ಕಕ್ಕೆ ಬರುತ್ತದೆ ಅಲ್ವಾ. ಬೈಕ್ ಸದ್ಯಕ್ಕೆ ಬೇಡ ಅಂದಿದ್ದೇವೆ. ಕೀಲಿ ಅತ್ತೆಯ ಹತ್ತಿರ ಇದೆ.