ರೋಮಿನಲ್ಲಿ ದುಡ್ಡಿದ್ದವರೆಲ್ಲ ಚಿನ್ನದ ಉಂಗುರ ತೊಡುತ್ತಿದ್ದರೇ?

ಪ್ರಾಚೀನ ರೋಮಿನ ಒಡವೆಗಳ ಮಾತು ಬಂದಾಗಲೆಲ್ಲ ಯಾರಾದರೂ ನನ್ನನ್ನು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಅಷ್ಟು ಸಿರಿವಂತ ನಗರದಲ್ಲಿ ಹಣವಿದ್ದವರೆಲ್ಲ ಚಿನ್ನದ ಉಂಗುರ ತೊಡುತ್ತಿದ್ದರೇ? ಬಹುಕಾಲ ಹಾಗೆ ತೊಡುವಂತಿರಲಿಲ್ಲ ಎಂಬುದೇ ನನ್ನ ಉತ್ತರ. ರೋಮನ್ ಗಂಡಸಿನ ಬೆರಳಿನ ಚಿನ್ನದ ಉಂಗುರ ಮೊದಲು ಒಂದು ಹಕ್ಕು, ಆಮೇಲೆ ಒಡವೆ.

ಹಿಂದಿನ ರೋಮನ್ನರ ಉಂಗುರ ಕಬ್ಬಿಣದ್ದು. ಪರನಾಡಿಗೆ ರಾಯಭಾರಿಗಳಾಗಿ ಹೋಗುವವರಿಗೆ ರಾಜ್ಯವೇ ಚಿನ್ನದ ಉಂಗುರ ಕೊಡುತ್ತಿತ್ತೆಂದೂ, ಅವರು ಅದನ್ನು ಹೊರಗೆ ಮಾತ್ರ ತೊಟ್ಟು ಮನೆಯಲ್ಲಿ ಕಬ್ಬಿಣದ್ದನ್ನೇ ಇಟ್ಟುಕೊಳ್ಳುತ್ತಿದ್ದರೆಂದೂ ಕ್ರಿ.ಶ. ಒಂದನೆಯ ಶತಮಾನದ ಪ್ಲಿನಿ ಬರೆದಿದ್ದಾನೆ. ಅವನ ಕಾಲದಲ್ಲಿಯೂ ಮದುವೆ ನಿಶ್ಚಯವಾದ ಹೆಣ್ಣಿಗೆ ಕಳುಹಿಸುತ್ತಿದ್ದದ್ದು ಹರಳಿಲ್ಲದ ಕಬ್ಬಿಣದ ಉಂಗುರವೇ.

ಕ್ರಿ.ಪೂ. 216ರಲ್ಲಿ ಕ್ಯಾನೆಯ ರಣರಂಗದಲ್ಲಿ ರೋಮನ್ ಸೈನ್ಯ ನಾಶವಾದ ಮೇಲೆ, ಗೆದ್ದ ವೈರಿರಾಜ್ಯ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನ ತಮ್ಮ ಮಾಗೋ ಸತ್ತವರ ಬೆರಳುಗಳಿಂದ ತೆಗೆದ ಚಿನ್ನದ ಉಂಗುರಗಳನ್ನು ಕಾರ್ತೇಜಿನ ಸಭಾಭವನದ ಮುಂದೆ ರಾಶಿ ಸುರಿದನು. ಅದು ಮೂರು ಮೋದಿಯಸ್‌ಗೂ ಹೆಚ್ಚಿತ್ತೆಂದು ಕೆಲವರು ಹೇಳಿದರೂ ಒಂದೇ ಮೋದಿಯಸ್, ಅಂದರೆ ಸುಮಾರು 8.7 ಲೀಟರ್ ಅಳತೆಯಷ್ಟು ಇದ್ದಿರಬೇಕೆಂದು ಇತಿಹಾಸಕಾರ ಲಿವಿ ಹೇಳುತ್ತಾನೆ. ಇವನ್ನು ತೊಡುವವರು ಕುದುರೆ ಸವಾರರ ವರ್ಗದವರು, ಅವರಲ್ಲೂ ಮುಖ್ಯರಾದವರು ಮಾತ್ರ ಎಂದು ಮಾಗೋ ಸಭೆಗೆ ಬಿಡಿಸಿ ಹೇಳಿದನಂತೆ. ಆ ಮಾತಿಲ್ಲದಿದ್ದರೆ ರಾಶಿಯ ಅರ್ಥ ಕಾರ್ತೇಜಿನವರಿಗೆ ಆಗುತ್ತಿರಲಿಲ್ಲ. ಮರುವರ್ಷವೇ ರೋಮಿನಲ್ಲಿ, ಹೆಂಗಸರು ಅರ್ಧ ಔನ್ಸಿಗಿಂತ, ನಮ್ಮ ಲೆಕ್ಕದಲ್ಲಿ ಒಂದು ತೊಲಕ್ಕಿಂತ ತುಸು ಹೆಚ್ಚು ತೂಗುವ ಆ ಮಿತಿಗಿಂತ, ಹೆಚ್ಚಿನ ಚಿನ್ನ ಇಟ್ಟುಕೊಳ್ಳಬಾರದೆಂಬ ಕಾನೂನು ಬಂದು ಇಪ್ಪತ್ತು ವರ್ಷ ಜಾರಿಯಲ್ಲಿತ್ತು.

ಕ್ರಿ.ಶ. 23ರ ಕಟ್ಟಳೆ ಇನ್ನೂ ಬಿಗಿ. ತಾನು, ತಂದೆ, ತಂದೆಯ ತಂದೆ ಮೂವರೂ ಸ್ವತಂತ್ರರಾಗಿ ಹುಟ್ಟಿದವರಾಗಿದ್ದು, 4 ಲಕ್ಷ ಸೆಸ್ಟರ್ಸ್ ನಾಣ್ಯಗಳ ಆಸ್ತಿಯೂ ಇದ್ದರೆ ಮಾತ್ರ ಆ ಹಕ್ಕು. ಆದ್ದರಿಂದ ಬಿಡುಗಡೆಯಾದ ಗುಲಾಮ ಎಷ್ಟೇ ಗಳಿಸಿದರೂ ಅದಕ್ಕಾಗಿ ಚಕ್ರವರ್ತಿಯ ಕೃಪೆಯನ್ನೇ ಕಾಯಬೇಕಿತ್ತು. ಈ ಕಟ್ಟಳೆಗೂ ಮೊದಲೇ, ಕ್ರಿ.ಪೂ. 23ರಲ್ಲಿ ಸಾವಿನಂಚಿನಲ್ಲಿದ್ದ ಚಕ್ರವರ್ತಿ ಅಗಸ್ಟಸ್‌ನನ್ನು ತಣ್ಣೀರಿನ ಸ್ನಾನ, ಪಾನಗಳಿಂದ ಉಳಿಸಿದ ವೈದ್ಯ ಆಂಟೋನಿಯಸ್ ಮೂಸಾ ಅಂಥ ಬಿಡುಗಡೆಯಾದ ಗುಲಾಮ; ಅವನಿಗೆ ದೊರೆತ ಬಹುಮಾನಗಳಲ್ಲಿ ಹಣದ ಜೊತೆಗೆ ಚಿನ್ನದ ಉಂಗುರ ತೊಡುವ ಹಕ್ಕೂ ಸೇರಿತ್ತು.

ಉಂಗುರಕ್ಕೆ ಇಷ್ಟು ಬೆಲೆ ಬಂದದ್ದರಲ್ಲಿ ಅದರ ಹರಳಿನ ಪಾಲು ದೊಡ್ಡದು. ಉಗುರಿನಷ್ಟೇ ಅಗಲದ ಕೆಂಪು ಕಾರ್ನೀಲಿಯನ್ ಕಲ್ಲಿನಲ್ಲಿ ಚಿತ್ರವನ್ನು ತಗ್ಗಾಗಿ, ಎಡಬಲ ತಿರುವುಮುರುವಾಗಿ ಕೊರೆಯುತ್ತಿದ್ದರು. ಬಿಸಿ ಮೇಣಕ್ಕೆ ಒತ್ತಿದಾಗ ಅದು ಉಬ್ಬಿ, ನೇರವಾಗಿ ಮೂಡುತ್ತಿತ್ತು. ಭಾರತದಿಂದಲೂ ಹೋಗುತ್ತಿದ್ದ ಸಾರ್ಡೋನಿಕ್ಸ್ ಕಲ್ಲಿಗೆ ಮೇಣ ಅಂಟಿ ಬರುವುದಿಲ್ಲವೆಂಬ ಹೆಸರಿತ್ತು. ಪತ್ರಕ್ಕೆ, ಉಯಿಲಿಗೆ, ಉಗ್ರಾಣದ ಬಾಗಿಲಿಗೆ ಈ ಮುದ್ರೆಯೇ ಸಾಕ್ಷಿ. ರಾಮನ ಮುದ್ರೆಯುಂಗುರವನ್ನು ಕಂಡ ಮೇಲೆಯೇ ಸೀತೆ ಹನುಮಂತನನ್ನು ನಂಬಿದ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಗಸ್ಟಸ್ ಮೊದಲು ಸ್ಫಿಂಕ್ಸ್ ಮುದ್ರೆಯನ್ನೂ, ಬಳಿಕ ಅಲೆಕ್ಸಾಂಡರನ ಮುಖವನ್ನೂ, ಕೊನೆಗೆ ಡಯೊಸ್ಕೂರಿಡೀಸ್ ಕೊರೆದ ತನ್ನದೇ ಮುಖವನ್ನೂ ಬಳಸಿದನು.

ಬೇರೆ ಒಡವೆಗಳ ಮಾತು ಹೀಗಲ್ಲ. ಪೊಂಪೇ ಬಳಿಯ ಮೊರೆಜಿನೆಯಲ್ಲಿ 2000ನೆಯ ಇಸವಿಯಲ್ಲಿ, ಕ್ರಿ.ಶ. 79ರ ವೆಸೂವಿಯಸ್ ಜ್ವಾಲಾಮುಖಿಯ ಸ್ಫೋಟದಲ್ಲಿ ಸತ್ತ ಹೆಣ್ಣೊಬ್ಬಳ ತೋಳಿನಲ್ಲಿ ಹಾವಿನ ರೂಪದ ಚಿನ್ನದ ಕಡಗ ಸಿಕ್ಕಿತು. ಅದರ ಒಳಮೈಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಕೊರೆದದ್ದು ಇಷ್ಟೇ: ‘ಒಡೆಯನಿಂದ ತನ್ನ ದಾಸಿಗೆ.’ ಹಣವಿದ್ದ ಒಡೆಯ ದಾಸಿಯ ತೋಳಿಗೆ ಇಷ್ಟು ಚಿನ್ನ ತೊಡಿಸಬಹುದಿತ್ತು. ಆದರೆ ತಾನೇ ಬಿಡುಗಡೆ ಮಾಡಿದ ಗುಲಾಮನ ಬೆರಳಿಗೆ ಆ ಹಕ್ಕಿನ ಉಂಗುರ ತೊಡಿಸುವುದು ಅವನ ಕೈಯಲ್ಲಿರಲಿಲ್ಲ.